ಖಾಲಿ ಡಬ್ಬಿಗೆ ಮೂರು ಪ್ರಶ್ನೆ

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಆವರಣದಲ್ಲಿ ನಡೆದ ವಿದ್ಯಾರ್ಥಿ–ಪೋಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಂಪ್ಯೂಟರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆಯೇ ಮಾತಾಡುತ್ತಾನೆ ಎಂದುಕೊಂಡು ಬಂದವರಿಗೆ ಈ ಮೇಜು ನೋಡಿ ಆಶ್ಚರ್ಯ ಆಗಿರಬಹುದು. ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನು, ನಾಲ್ಕಾರು ನೀರಿನ ಬಾಟಲಿ, ಐಸ್‌ಕ್ರೀಂ ಕಪ್ಪು, ಗೋಡೆ ಬಣ್ಣದ ಬಕೆಟ್ಟು, ಉಂಗುಷ್ಟ ಕಿತ್ತುಹೋದ ಹವಾಯಿ ಚಪ್ಪಲಿ, ಪಂಕ್ಚರ್ ಅಂಗಡಿಯಿಂದ ತಂದ ಹಳೆಯ ಸೈಕಲ್ ಟ್ಯೂಬು. ಗುಜರಿ ಅಂಗಡಿ ಹಾಕಿದ್ದೇನೆ ಎಂದುಕೊಳ್ಳಬೇಡಿ. ಇವತ್ತಿನ ನನ್ನ ಪಾಠೋಪಕರಣ ಇಷ್ಟೇ.

ಸಂಘಟಕರು ನನಗೆ ಕೊಟ್ಟ ವಿಷಯ ‘ಕಸದಿಂದ ರಸ’. ಈ ಹೆಸರಿನ ಸ್ಪರ್ಧೆ ಪ್ರತಿ ಶಾಲೆಯಲ್ಲೂ ನಡೆಯುತ್ತದೆ. ಬಾಟಲಿಗೆ ಬಂಗಾರದ ಬಣ್ಣ ಬಳಿದು, ಮಿಣಿಮಿಣಿ ಪುಡಿ ಅಂಟಿಸಿ, ಪ್ಲಾಸ್ಟಿಕ್ ಹೂ ಸಿಕ್ಕಿಸಿ ಮೇಜಿನ ಮೇಲೆ ಇಡುತ್ತೇವೆ. ಬಹುಮಾನ ಬರುತ್ತದೆ. ಆರು ತಿಂಗಳು ಷೋಕೇಸಿನಲ್ಲಿ ಧೂಳು ಕುಡಿದು ಅದು ಮತ್ತೆ ತಿಪ್ಪೆಗೆ ಹೋಗುತ್ತದೆ. ಬಣ್ಣ, ಅಂಟು, ಪುಡಿ ಮೆತ್ತಿದ ಆ ಬಾಟಲಿಯನ್ನು ಗುಜರಿಯವನೂ ತೆಗೆದುಕೊಳ್ಳುವುದಿಲ್ಲ. ಇದು ಕಸದಿಂದ ರಸವಲ್ಲ. ಒಳ್ಳೆಯ ಕಸವನ್ನು ಕೆಟ್ಟ ಕಸ ಮಾಡಿದ ಹಾಗೆ.

ಆದ್ದರಿಂದ ನಾನು ಅಲಂಕಾರದ ವಸ್ತುಗಳ ಬಗ್ಗೆ ಹೇಳುವುದಿಲ್ಲ. ಓಡುವ, ಮುಳುಗುವ, ತೂಗುವ, ಹೊರುವ ವಸ್ತುಗಳ ಬಗ್ಗೆ ಹೇಳುತ್ತೇನೆ. ಮಗು ಆಡುವ ಆಟಿಕೆ, ಮಗು ಹೊತ್ತೊಯ್ಯುವ ಬುಟ್ಟಿ. ಖಾಲಿ ಡಬ್ಬಿಯೊಂದು ಮಗುವಿನ ಕೈಗೆ ಹೋಗುವ ಮೊದಲು ನಾವು ಅದಕ್ಕೆ ಮೂರು ಪ್ರಶ್ನೆ ಕೇಳಬೇಕು. ಇದರಲ್ಲಿ ಏನಿತ್ತು? ಇದು ಏನು ಕೆಲಸ ಮಾಡಬಲ್ಲದು? ಆಟ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ?

ಮಣ್ಣಿನ ಗಾಡಿ, ಚಿನ್ನದ ಗಾಡಿ

ಆಟಿಕೆ ಮಾಡುವುದು ಮನುಷ್ಯನಿಗೆ ಹೊಸದಲ್ಲ. ಸಿಂಧೂ ಕಣಿವೆಯ ಹರಪ್ಪ, ಮೊಹೆಂಜೊದಾರೊ ನೆಲೆಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಗಾಡಿಗಳು ಸಿಕ್ಕಿವೆ. ಸುಮಾರು 4,500 ವರ್ಷ ಹಿಂದಿನವು. ನಮ್ಮ ಕಡೆ ಜೋಳದ ದಂಟಿನಲ್ಲಿ ಬಂಡಿ ಮಾಡಿದವರು, ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಫೋನು ಮಾಡಿದವರು, ಹಳೆಯ ಟೈರನ್ನು ಕೋಲಿನಿಂದ ಹೊಡೆದುಕೊಂಡು ಊರು ಸುತ್ತಿದವರು ಈ ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇದ್ದೀರಿ. ಚಪ್ಪಲಿಯನ್ನು ದುಂಡಗೆ ಕೊಯ್ದು ಚಕ್ರ ಮಾಡುವುದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ.

ಸಂಸ್ಕೃತದಲ್ಲಿ ಶೂದ್ರಕನ ಒಂದು ಪ್ರಸಿದ್ಧ ನಾಟಕಕ್ಕೆ ಆಟಿಕೆಯದೇ ಹೆಸರು: ‘ಮೃಚ್ಛಕಟಿಕ’, ಅಂದರೆ ಮಣ್ಣಿನ ಪುಟ್ಟ ಗಾಡಿ. ಅದರಲ್ಲಿ ಚಾರುದತ್ತನ ಮಗ ಪಕ್ಕದ ಮನೆಯ ಹುಡುಗನ ಚಿನ್ನದ ಗಾಡಿ ನೋಡಿದ್ದಾನೆ. ಮನೆಯ ದಾಸಿ ಮಾಡಿಕೊಟ್ಟ ಮಣ್ಣಿನ ಗಾಡಿ ಬೇಡವೆಂದು ಅಳುತ್ತಾನೆ. ವಸಂತಸೇನೆ ತನ್ನ ಒಡವೆಗಳನ್ನೇ ಬಿಚ್ಚಿ ಅವನ ಗಾಡಿಗೆ ತುಂಬುತ್ತಾಳೆ. ಆ ಅಳು ಇವತ್ತಿಗೂ ನಿಂತಿಲ್ಲ. ಪಕ್ಕದ ಮನೆಗೆ ಬೆಂಗಳೂರಿನಿಂದ ರಿಮೋಟ್ ಕಾರು ಬಂದರೆ ನಮ್ಮ ಮನೆಯಲ್ಲಿ ಎರಡು ದಿನ ಊಟ ಸೇರುವುದಿಲ್ಲ. ಕೂಲಿ ಮಾಡುವ ಅಪ್ಪ ಅಮ್ಮ ಸಾಲ ಮಾಡಿಯಾದರೂ ಜಾತ್ರೆಯಲ್ಲಿ ಒಂದು ಕಾರು ಕೊಡಿಸುತ್ತಾರೆ. ವಾರದೊಳಗೆ ಅದರ ಹಲ್ಲುಚಕ್ರ ಮುರಿಯುತ್ತದೆ. ಒಳಗೆ ಏನಿದೆ ಎಂದು ನೋಡಲು ತಿರುಪು ಬಿಚ್ಚಿದರೆ ಬೈಗುಳ ಬೀಳುತ್ತದೆ, ದುಡ್ಡು ಕೊಟ್ಟು ತಂದದ್ದಲ್ಲವೇ!

ನನ್ನ ಮಾತಿನ ತಿರುಳು ಇಲ್ಲಿದೆ. ಆ ನಾಟಕದ ಮಗುವಿನ ಮಣ್ಣಿನ ಗಾಡಿಯನ್ನು ಬೇರೆಯವರು ಮಾಡಿಕೊಟ್ಟಿದ್ದರು. ಮಗು ತಾನೇ ಮಾಡಿದ ಗಾಡಿಯ ಲೆಕ್ಕವೇ ಬೇರೆ. ಅದು ಓಡದಿದ್ದರೆ ಮಗು ಅಳುತ್ತಾ ಕೂರುವುದಿಲ್ಲ, ಯಾಕೆ ಓಡುತ್ತಿಲ್ಲ ಎಂದು ಬಗ್ಗಿ ನೋಡುತ್ತದೆ. ಬಡವರ ಮಕ್ಕಳಿಗೆ ಬಡ ಆಟಿಕೆ ಸಾಕು ಎಂದು ನಾನು ಹೇಳುತ್ತಿಲ್ಲ. ಕೊಂಡ ಆಟಿಕೆ ಎಲ್ಲ ಮಕ್ಕಳಿಗೂ ಸಿಗಲಿ. ಆದರೆ ಬಿಚ್ಚಿ ನೋಡಲು, ಮುರಿಯಲು, ಮತ್ತೆ ಕಟ್ಟಲು ಹಕ್ಕಿರುವ ಒಂದು ಆಟಿಕೆಯಾದರೂ ಪ್ರತಿ ಮಗುವಿಗೂ ಬೇಕು. ಅದು ಖಾಲಿ ಡಬ್ಬಿಯಿಂದ ಮಾತ್ರ ಸಾಧ್ಯ.

ಮೊದಲ ಪ್ರಶ್ನೆ: ಇದರಲ್ಲಿ ಏನಿತ್ತು?

ಈ ಪ್ರಶ್ನೆ ಪೋಷಕರಿಗೆ. ದಯವಿಟ್ಟು ಉಳಿದದ್ದನ್ನೆಲ್ಲ ಮರೆತರೂ ಇದೊಂದನ್ನು ಮನೆಗೆ ಒಯ್ಯಿರಿ.

ಹೊಲಕ್ಕೆ, ತೋಟಕ್ಕೆ ಹೊಡೆಯುವ ವಿಷವನ್ನು ನಾವು ‘ಔಷಧಿ’ ಎಂದೇ ಕರೆಯುತ್ತೇವೆ. ‘ಔಷಧಿ ಡಬ್ಬ’, ‘ಔಷಧಿ ಕ್ಯಾನು’. ಹೆಸರು ಹೀಗಿರುವಾಗ ಮಗು ಹೆದರುವುದಾದರೂ ಹೇಗೆ? ಒಳ್ಳೆಯ ಗಟ್ಟಿ ಪ್ಲಾಸ್ಟಿಕ್, ಬಿಗಿಯಾದ ಮುಚ್ಚಳ, ಬಣ್ಣದ ಚೀಟಿ. ಎಸೆಯಲು ಮನಸ್ಸು ಬರುವುದಿಲ್ಲ. ತೊಳೆದು ಹೊಲಕ್ಕೆ ನೀರು ಒಯ್ಯುತ್ತೇವೆ, ಸೀಮೆಎಣ್ಣೆ ಹಾಕಿಡುತ್ತೇವೆ, ಮಗುವಿನ ಕೈಗೆ ಆಡಲು ಕೊಡುತ್ತೇವೆ. ತೊಳೆದರೆ ಹೋಗುತ್ತದಲ್ಲ ಎಂದು ಕೇಳಬಹುದು. ಪೂರ್ತಿ ಹೋಗುವುದಿಲ್ಲ. ಪ್ಲಾಸ್ಟಿಕ್ ಅಂಥ ರಾಸಾಯನಿಕವನ್ನು ತನ್ನೊಳಗೆ ಸ್ವಲ್ಪ ಹೀರಿಕೊಳ್ಳುತ್ತದೆ, ಆಮೇಲೆ ನಿಧಾನವಾಗಿ ಬಿಡುತ್ತದೆ. ಮೂಗಿಗೆ ವಾಸನೆ ಬರದಿದ್ದರೂ ಅದು ಅಲ್ಲಿರುತ್ತದೆ.

ಡಬ್ಬದ ಚೀಟಿಯ ಮೇಲೆ ವಜ್ರಾಕಾರದ ಗುರುತೊಂದು ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪು ಎಂದರೆ ಅತಿ ಘೋರ ವಿಷ, ಹಳದಿ ಎಂದರೆ ಹೆಚ್ಚು ವಿಷ, ನೀಲಿ ಎಂದರೆ ಮಧ್ಯಮ, ಹಸಿರು ಎಂದರೆ ಕಡಿಮೆ. ಹಸಿರು ಎಂದ ಮಾತ್ರಕ್ಕೆ ಮಗುವಿನ ಕೈಗೆ ಕೊಡಬಹುದು ಎಂದಲ್ಲ. ನಾಲ್ಕರಲ್ಲಿ ಯಾವುದಿದ್ದರೂ ಆ ಡಬ್ಬ ಮನೆಯೊಳಗೆ ಬರಬಾರದು. 1971ರ ಕೀಟನಾಶಕ ನಿಯಮಗಳೂ ಇದನ್ನೇ ಹೇಳುತ್ತವೆ: ಖಾಲಿ ಡಬ್ಬ ಮತ್ತೆ ಬಳಕೆಯಾಗದಂತೆ ಅದನ್ನು ಹೊರಗೆ ಬಿಡಬಾರದು, ಒಡೆದು ಜನವಸತಿಯಿಂದ ದೂರ ಹೂಳಬೇಕು. ಹೊಲದಲ್ಲೇ ಮೂರು ಸಲ ತೊಳೆಯಿರಿ, ತೊಳೆದ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಹಾಕಿ, ತಳಕ್ಕೆ ತೂತು ಹೊಡೆಯಿರಿ. ತೂತು ಬಿದ್ದ ಡಬ್ಬದಲ್ಲಿ ಯಾರೂ ನೀರು ತುಂಬುವುದಿಲ್ಲ.

ಇದೇ ಸಾಲಿಗೆ ಸೇರುವವು ಇನ್ನೂ ಇವೆ: ಕಕ್ಕಸು ತೊಳೆಯುವ ಆಸಿಡ್ಡು, ಫಿನಾಯಿಲು, ಇಲಿ ಪಾಷಾಣ, ಇಂಜಿನ್ ಆಯಿಲ್, ಬ್ಯಾಟರಿ ನೀರು. ಇವುಗಳ ಡಬ್ಬಿ ಆಟಿಕೆಯಾಗಬಾರದು. ಹಳೆಯ ಬ್ಯಾಟರಿ ಸೆಲ್ಲುಗಳೂ ಬೇಡ. ಅದರಲ್ಲೂ ಗುಂಡಿಯಂಥ ಚಿಕ್ಕ ಸೆಲ್ಲನ್ನು ಮಗು ನುಂಗಿದರೆ ಅದು ಗಂಟಲಿನ ಒಳಗೆ ಕೆಲವೇ ಗಂಟೆಗಳಲ್ಲಿ ಸುಟ್ಟ ಗಾಯ ಮಾಡುತ್ತದೆ. ತಕ್ಷಣ ಆಸ್ಪತ್ರೆಗೆ ಓಡಬೇಕು.

ಇದರ ತಿರುಗುಮುರುಗೂ ಅಷ್ಟೇ ಅಪಾಯ. ಕುಡಿಯುವ ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಫಿನಾಯಿಲು, ಪೆಟ್ರೋಲು, ಹೊಲದ ವಿಷ ಹಾಕಿಡುವುದು. ಮಗುವಿನ ಕಣ್ಣಿಗೆ ಆ ಬಾಟಲಿ ಎಂದರೆ ಕುಡಿಯುವುದು. ಓದು ಬಾರದ ಮೂರು ವರ್ಷದ ಮಗು ಚೀಟಿ ಓದುವುದಿಲ್ಲ, ಬಾಟಲಿಯ ಆಕಾರ ಓದುತ್ತದೆ. ಆದ್ದರಿಂದ ತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟು: ತಿನ್ನುವ ಕುಡಿಯುವ ವಸ್ತು ಇದ್ದ ಡಬ್ಬಿ ಮಾತ್ರ ಆಟಿಕೆಗೆ. ಮಿಕ್ಕದ್ದು ಬೇಡ. ಗೋಡೆ ಬಣ್ಣದ ಬಕೆಟ್ಟಿಗೆ ಮಾತ್ರ ಒಂದು ರಿಯಾಯಿತಿ: ಚೆನ್ನಾಗಿ ಉಜ್ಜಿ ತೊಳೆದು ಆಟದ ಸಾಮಾನು, ಗಿಡದ ಮಣ್ಣು ಹೊರಲು ಬಳಸಬಹುದು, ನೀರು ಆಹಾರಕ್ಕೆ ಬೇಡ.

ಎರಡನೆಯ ಪ್ರಶ್ನೆ: ಇದು ಏನು ಕೆಲಸ ಮಾಡಬಲ್ಲದು?

ಈಗ ಮಕ್ಕಳ ಸರದಿ. ಮೊದಲು ಈ ಗಾಡಿ ನೋಡಿ. ಒಂದು ನೀರಿನ ಬಾಟಲಿ, ನಾಲ್ಕು ಮುಚ್ಚಳ, ಎರಡು ಬಿದಿರು ಕಡ್ಡಿ, ರೀಫಿಲ್ ತೆಗೆದ ಎರಡು ಪೆನ್ನಿನ ಕೊಳವೆ, ಒಂದು ಬಲೂನು. ಕೊಳವೆಗಳನ್ನು ಬಾಟಲಿಯ ಕೆಳಗೆ ಅಡ್ಡಲಾಗಿ ದಾರದಿಂದ ಬಿಗಿದು ಕಟ್ಟಿ. ಕೊಳವೆಯೊಳಗೆ ಕಡ್ಡಿ ತೂರಿಸಿ, ಎರಡು ತುದಿಗೂ ಮುಚ್ಚಳ ಸಿಕ್ಕಿಸಿ. ಕಡ್ಡಿ ತಿರುಗುತ್ತದೆ, ಕೊಳವೆ ನಿಂತಿರುತ್ತದೆ. ಎತ್ತಿನ ಗಾಡಿಯಲ್ಲಿ ಅಚ್ಚು ನಿಂತಿರುತ್ತದೆ, ಚಕ್ರ ತಿರುಗುತ್ತದೆ. ಇಲ್ಲಿ ಅಚ್ಚು, ಚಕ್ರ ಎರಡೂ ಒಟ್ಟಿಗೆ ತಿರುಗುತ್ತವೆ, ರೈಲಿನ ಗಾಲಿಯ ಹಾಗೆ. ಬಲೂನಿನ ಬಾಯಿ ಹಿಂದಕ್ಕೆ ಇರಲಿ. ಗಾಳಿ ಹಿಂದಕ್ಕೆ ನುಗ್ಗಿದರೆ ಗಾಡಿ ಮುಂದಕ್ಕೆ. ಒಂಬತ್ತನೆಯ ತರಗತಿಯ ಪುಸ್ತಕದಲ್ಲಿರುವ ನ್ಯೂಟನ್ನನ ಮೂರನೆಯ ನಿಯಮ ಇದೇ.

ಮುಚ್ಚಳದ ತೂತು ಸರಿಯಾಗಿ ನಡುವೆ ಬೀಳಬೇಕು. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಗಾಡಿ ಕುಂಟುತ್ತದೆ. ನಡು ಹುಡುಕುವುದು ಹೇಗೆ? ಮುಚ್ಚಳವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ, ವೃತ್ತ ಕತ್ತರಿಸಿ, ಅರ್ಧಕ್ಕೆ ಮಡಿಸಿ, ಬಿಚ್ಚಿ, ಬೇರೆ ದಿಕ್ಕಿಗೆ ಇನ್ನೊಮ್ಮೆ ಅರ್ಧಕ್ಕೆ ಮಡಿಸಿ. ಎರಡು ಮಡಿಕೆ ಸೇರುವ ಜಾಗವೇ ಕೇಂದ್ರ. ವ್ಯಾಸಗಳೆಲ್ಲ ಕೇಂದ್ರದಲ್ಲಿ ಸೇರುತ್ತವೆ ಎಂದು ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಗಾಡಿ ಒಂದೇ ಕಡೆ ಎಳೆಯುತ್ತದೆ ಎಂದುಕೊಳ್ಳಿ. ಆಗ ನಾಲ್ಕೂ ಚಕ್ರ ಒಟ್ಟಿಗೆ ಬದಲಿಸಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ, ನೋಡಿ, ಬರೆದಿಡಿ. ಅಚ್ಚು ಎರಡೂ ಒಂದಕ್ಕೊಂದು ಸಮಾಂತರವಾಗಿವೆಯೇ? ಬಲೂನು ನಡುವೆ ಇದೆಯೇ? ಯಾವ ಚಕ್ರ ಉಜ್ಜುತ್ತಿದೆ? ನಾನು ದಿನವೂ ಆಫೀಸಿನಲ್ಲಿ ಮಾಡುವ ಕೆಲಸ ಇದೇ. ಸಾವಿರಾರು ಸಾಲಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದಕ್ಕೂ ಈ ಗಾಡಿಯ ಕುಂಟು ಹುಡುಕುವುದಕ್ಕೂ ಕ್ರಮ ಒಂದೇ. ಈ ಕ್ರಮ ಕಲಿಯಲು ಲ್ಯಾಪ್‌ಟಾಪ್ ಬೇಕಿಲ್ಲ.

ಎರಡನೆಯದು ಮುಳುಗುವ ಬೊಂಬೆ. ಪೆನ್ನಿನ ಮುಚ್ಚಳದ ಕೊಕ್ಕೆಗೆ ಸ್ವಲ್ಪ ಜೇಡಿಮಣ್ಣು ಮೆತ್ತಿ, ನೀರಿನಲ್ಲಿ ಬಾಯಿ ಕೆಳಗಾಗಿ, ತುದಿ ಮಾತ್ರ ಮೇಲೆ ಕಾಣುವಂತೆ ತೇಲುವಷ್ಟು ಮಾಡಿ. ಬಾಯಿಯವರೆಗೆ ನೀರು ತುಂಬಿದ ಬಾಟಲಿಗೆ ಅದನ್ನು ಬಿಟ್ಟು ಮುಚ್ಚಳ ಬಿಗಿ ಮಾಡಿ. ಬಾಟಲಿ ಅಮುಕಿದರೆ ಮುಳುಗುತ್ತದೆ, ಬಿಟ್ಟರೆ ಏಳುತ್ತದೆ. ಅಮುಕಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಆ ಜಾಗಕ್ಕೆ ನೀರು ನುಗ್ಗುತ್ತದೆ, ಬೊಂಬೆ ಪಕ್ಕಕ್ಕೆ ಸರಿಸುವ ನೀರಿನ ಪ್ರಮಾಣ ಕಡಿಮೆಯಾಗುತ್ತದೆ. ಆರ್ಕಿಮಿಡೀಸ್ ಹೇಳಿದ್ದು ಬಾಟಲಿಯೊಳಗೆ ಕಾಣುತ್ತದೆ. ಇದನ್ನು ಮಾಡುವಾಗ ಇನ್ನೊಂದು ಗಮನಿಸಿ: ಈಗಿನ ಅನೇಕ ಪೆನ್ನಿನ ಮುಚ್ಚಳದ ತುದಿಯಲ್ಲಿ ತೂತು ಇರುತ್ತದೆ. ಮಗು ಅಕಸ್ಮಾತ್ ನುಂಗಿ ಗಂಟಲಿಗೆ ಸಿಕ್ಕಿಕೊಂಡರೂ ಉಸಿರಿಗೆ ದಾರಿ ಇರಲಿ ಎಂದು ಇಟ್ಟ ತೂತು ಅದು. ಪ್ರಯೋಗಕ್ಕೆ ಅದನ್ನು ಮೇಣದಿಂದ ಮುಚ್ಚಿಕೊಳ್ಳಿ. ಆದರೆ ಎಷ್ಟು ಚಿಕ್ಕ ವಸ್ತುವಿನ ಹಿಂದೆಯೂ ಯಾರೋ ಒಬ್ಬರು ಮಗುವಿನ ಬಗ್ಗೆ ಯೋಚಿಸಿದ್ದಾರೆ ಎಂಬುದನ್ನು ನೆನಪಿಡಿ. ನೀವು ಆಟಿಕೆ ಮಾಡುವಾಗಲೂ ಹಾಗೆ ಯೋಚಿಸಬೇಕು.

ಮೂರನೆಯದು ತಕ್ಕಡಿ. ಎರಡು ಐಸ್‌ಕ್ರೀಂ ಕಪ್ಪು, ಒಂದು ಕೋಲು, ದಾರ. ತೂಕದ ಕಲ್ಲಿಗೆ ನೀರೇ ಸಾಕು, ಒಂದು ಲೀಟರ್ ನೀರಿಗೆ ಒಂದು ಕಿಲೋ, ನೂರು ಮಿಲಿಲೀಟರಿಗೆ ನೂರು ಗ್ರಾಂ.

ಇನ್ನು ಹೊರುವ ಸಾಮಾನು. ಹಿಂದೆ ಸೀಮೆಎಣ್ಣೆ ತಗಡಿನ ಡಬ್ಬವನ್ನು ಅಡ್ಡೆಗೆ ಕಟ್ಟಿ ನೀರು ಹೊತ್ತ ಕಾಲ ಇತ್ತು. ಈಗ ಎಣ್ಣೆ ಕ್ಯಾನು ಇದೆ. ಇದರ ಹಿಡಿ ಕ್ಯಾನಿನ ಜೊತೆಗೇ ಅಚ್ಚಿನಲ್ಲಿ ಬಂದದ್ದು, ಬೇರೆ ಅಂಟಿಸಿದ್ದಲ್ಲ. ಅದಕ್ಕೇ ಅದು ಗಟ್ಟಿ. ಬಿಸಿ ನೀರು, ಸೀಗೆಪುಡಿ ಹಾಕಿ ಜಿಡ್ಡು ಹೋಗುವಂತೆ ತೊಳೆಯಿರಿ. ತೆಳ್ಳಗಿನ ಪಾರದರ್ಶಕ ಬಾಟಲಿಗೆ ಮಾತ್ರ ಕುದಿಯುವ ನೀರು ಹಾಕಬೇಡಿ, ಅದು ಸುಮಾರು 70–80 ಡಿಗ್ರಿಗೇ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಹಿಡಿಯನ್ನು ಹಾಗೇ ಬಿಟ್ಟು, ಅದರ ಎದುರು ಬದಿಯನ್ನು ಓರೆಯಾಗಿ ಕತ್ತರಿಸಿದರೆ ಮೊರದಂಥ ಬುಟ್ಟಿಯಾಗುತ್ತದೆ. ಗೋಲಿ, ಬುಗುರಿ, ಸೀಮೆಸುಣ್ಣ ಇಡಲು, ಗಿಡಕ್ಕೆ ಗೊಬ್ಬರ ಒಯ್ಯಲು ಅದು ಸಾಕು. ಕೆಳಗೆ ನಾಲ್ಕು ಚಪ್ಪಲಿ ಚಕ್ರ, ಮುಂದೆ ಒಂದು ಹಗ್ಗ ಸೇರಿಸಿದರೆ ಎಳೆಯುವ ಗಾಡಿ. ಸಿಮೆಂಟು ನೆಲದ ಮೇಲೆ ಮುಚ್ಚಳದ ಚಕ್ರ ಜಾರುತ್ತದೆ, ಚಪ್ಪಲಿ ಚಕ್ರ ಹಿಡಿಯುತ್ತದೆ. ಯಾಕೆ ಎಂದು ಮಕ್ಕಳೇ ಹೇಳಲಿ.

ಕತ್ತರಿಸಿದ ಅಂಚು ಚೂಪಾಗಿರುತ್ತದೆ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಅಂಚಿನ ಮೇಲೆ ತೊಡಿಸಿ, ದಾರದಿಂದ ಹೊಲಿಯಿರಿ. ತೆಳ್ಳಗಿನ ಬಾಟಲಿಯಾದರೆ ದೊಡ್ಡವರು ಕತ್ತರಿಸಿದ ಅಂಚನ್ನು ಬೆಚ್ಚಗಿನ ಇಸ್ತ್ರಿ ಪೆಟ್ಟಿಗೆಗೆ ಕ್ಷಣ ಹೊತ್ತು ಒತ್ತಿದರೆ ಅದು ತಾನಾಗಿ ಒಳಕ್ಕೆ ಮಡಚಿಕೊಂಡು ನಯವಾಗುತ್ತದೆ. ಬಾಟಲಿಯನ್ನು ಕಾರ್ಖಾನೆಯಲ್ಲಿ ಎಳೆದು ಊದಿ ಮಾಡಿರುತ್ತಾರೆ, ಬಿಸಿ ತಗುಲಿದರೆ ಅದು ಮತ್ತೆ ಕುಗ್ಗುತ್ತದೆ. ತಗಡಿನ ಡಬ್ಬವನ್ನು ಚಿಕ್ಕವರು ಕತ್ತರಿಸಬಾರದು. ಬುಟ್ಟಿ ತಯಾರಾದ ಮೇಲೆ ಮಗು ಹೊರುವ ಭಾರದ ಎರಡು ಪಟ್ಟು ಭಾರ ತುಂಬಿ ಒಂದು ದಿನ ನೇತುಹಾಕಿ. ಹಿಡಿ ಬಿರುಕು ಬಿಡದಿದ್ದರೆ ಪಾಸು. ಸೇತುವೆ ಕಟ್ಟುವವರೂ ಹೊರಬೇಕಾದ ಭಾರಕ್ಕಿಂತ ಹೆಚ್ಚಿನ ಭಾರಕ್ಕೇ ಲೆಕ್ಕ ಹಾಕುತ್ತಾರೆ.

ಚಿಕ್ಕ ಮಕ್ಕಳಿಗೆ ಕೊಡುವುದಾದರೆ ಇನ್ನೊಂದು ಪರೀಕ್ಷೆ ಇದೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಮಾರಾಟದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಅದರ ಪರೀಕ್ಷೆಗಳಲ್ಲಿ ಒಂದು ಸರಳ ಕೊಳವೆ: ಒಳವ್ಯಾಸ 31.7 ಮಿಲಿಮೀಟರ್, ಓರೆಯಾದ ತಳ, ಆಳ ಹೆಚ್ಚೆಂದರೆ 57.1 ಮಿಲಿಮೀಟರ್. ಅದರೊಳಗೆ ಪೂರ್ತಿ ಹಿಡಿಸುವ ಯಾವ ಭಾಗವೂ ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಇರಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಈ ಕೊಳವೆಯನ್ನು ನಾವೂ ಮಾಡಿಕೊಳ್ಳಬಹುದು. ವ್ಯಾಸಕ್ಕೆ ಪೈ ಗುಣಿಸಿ: 31.7 ಗುಣಿಸು 3.14, ಹತ್ತಿರ ಹತ್ತಿರ ಹತ್ತು ಸೆಂಟಿಮೀಟರ್. ಹತ್ತು ಸೆಂಟಿಮೀಟರ್ ಉದ್ದ, ಐದೂಮುಕ್ಕಾಲು ಸೆಂಟಿಮೀಟರ್ ಅಗಲದ ರಟ್ಟಿನ ಪಟ್ಟಿಯನ್ನು ಅಂಚಿಗೆ ಅಂಚು ಸೇರಿಸಿ ಸುತ್ತಿ ಅಂಟಿಸಿದರೆ ಕೊಳವೆ ತಯಾರು. ಈಗ ನೀರಿನ ಬಾಟಲಿಯ ಮುಚ್ಚಳ ಹಾಕಿ ನೋಡಿ. ಅದು ಸುಮಾರು 30 ಮಿಲಿಮೀಟರ್. ಒಳಗೆ ಹೋಯಿತು. ಅಂದರೆ ಈ ಬಲೂನ್ ಗಾಡಿ ಹೈಸ್ಕೂಲಿನವರಿಗೆ ಸರಿ, ಮನೆಯ ಕೂಸಿಗೆ ಬೇಡ. ಬಲೂನಂತೂ ಕೂಸಿನ ಹತ್ತಿರವೇ ಬೇಡ. ಕೂಸಿಗೆ ಒಂದರೊಳಗೊಂದು ಕೂರುವ ದೊಡ್ಡ ಡಬ್ಬಿಗಳು, ಹಗ್ಗ ಕಟ್ಟಿ ಉರುಳಿಸುವ ಡಬ್ಬ ಸಾಕು. ಹಗ್ಗ ಗೇಣಿಗಿಂತ ಉದ್ದ ಇರಬಾರದು, ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

ಇದನ್ನೆಲ್ಲ ಆಟ ಎಂದು ತಳ್ಳಿಹಾಕುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ 1972ರಲ್ಲಿ ಒಂದು ವಿಜ್ಞಾನ ಕಲಿಕಾ ಕಾರ್ಯಕ್ರಮ ಶುರುವಾಯಿತು. ಉರು ಹೊಡೆಯುವುದು ಬಿಟ್ಟು, ಕೈಗೆ ಸಿಕ್ಕ ಸಾಮಾನಿನಿಂದ ಪ್ರಯೋಗ ಮಾಡಿ ಕಲಿಯುವುದು ಅದರ ರೀತಿ. ಐ.ಐ.ಟಿ. ಕಾನ್ಪುರದಲ್ಲಿ ಓದಿ ಪುಣೆಯ ಲಾರಿ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ಅರವಿಂದ ಗುಪ್ತ ಎಂಬುವರು 1978ರಲ್ಲಿ ರಜೆ ಹಾಕಿ ಅಲ್ಲಿಗೆ ಹೋದರು. ವಾರದ ಸಂತೆಯಲ್ಲಿ ಸಿಗುವ ಸೈಕಲ್ ವಾಲ್ವ್ ಟ್ಯೂಬಿನ ತುಂಡು, ಬೆಂಕಿಕಡ್ಡಿ ಇವುಗಳಿಂದ ತ್ರಿಕೋನ, ಚೌಕ, ಮನೆ ಕಟ್ಟುವ ಆಟ ಮಾಡಿದರು. ಚೌಕವನ್ನು ಒತ್ತಿದರೆ ವಾಲುತ್ತದೆ, ತ್ರಿಕೋನ ಅಲ್ಲಾಡುವುದಿಲ್ಲ. ಹೆಂಚಿನ ಚಾವಣಿಯ ಮರದ ಕಟ್ಟು ತ್ರಿಕೋನವಾಗಿ ಇರುವುದೇಕೆ ಎಂಬುದಕ್ಕೆ ಅದೇ ಉತ್ತರ. ಆಮೇಲೆ ಅವರು ಪುಣೆಯಲ್ಲಿ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಕಸದಿಂದ ನೂರಾರು ಆಟಿಕೆ ಮಾಡಿದರು. 2018ರಲ್ಲಿ ಪದ್ಮಶ್ರೀ ಬಂತು. ಅವರ ಪುಸ್ತಕಗಳು, ವಿಡಿಯೊಗಳು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತವೆ. ನಮ್ಮ ಶಿಕ್ಷಕರು ಅವನ್ನು ನೋಡಬೇಕು.

ಮೂರನೆಯ ಪ್ರಶ್ನೆ: ಆಟ ಮುಗಿದ ಮೇಲೆ ಇದು ಎಲ್ಲಿಗೆ?

ಪ್ರಾಮಾಣಿಕವಾಗಿ ಒಂದು ಮಾತು. ಬಾಟಲಿಯಿಂದ ಗಾಡಿ ಮಾಡಿದರೆ ಪ್ಲಾಸ್ಟಿಕ್ ಸಮಸ್ಯೆ ತೀರುವುದಿಲ್ಲ. ಬಾಟಲಿ ತಿಪ್ಪೆಗೆ ಹೋಗುವುದು ಆರು ತಿಂಗಳು ತಡವಾಗುತ್ತದೆ, ಅಷ್ಟೇ. ಆದರೆ ಆ ಆರು ತಿಂಗಳಲ್ಲಿ ಮಗು ಕಲಿಯುವುದು ಬಹಳ ಇದೆ, ಕಸವನ್ನು ನೋಡುವ ಕಣ್ಣೂ ಬರುತ್ತದೆ.

ಬಾಟಲಿಯ ತಳದಲ್ಲಿ ಪುಟ್ಟ ತ್ರಿಕೋನ, ಅದರೊಳಗೆ 1ರಿಂದ 7ರವರೆಗೆ ಒಂದು ಅಂಕಿ ಇರುತ್ತದೆ. 1 ಎಂದರೆ ನೀರಿನ ಬಾಟಲಿಯ ಪ್ಲಾಸ್ಟಿಕ್, ಪೆಟ್. 2 ಎಂದರೆ ಗಟ್ಟಿ ಕ್ಯಾನಿನದು. 5 ಎಂದರೆ ಡಬ್ಬಿ, ಮುಚ್ಚಳಗಳ ಪಾಲಿಪ್ರೊಪಿಲೀನ್. ಈಗ ಬಾಟಲಿಯ ಒಂದು ಚೂರು, ಮುಚ್ಚಳದ ಒಂದು ಚೂರು ಬಕೆಟ್ಟಿನ ನೀರಿಗೆ ಹಾಕಿ. ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಪೆಟ್ಟಿನ ಸಾಂದ್ರತೆ ಸುಮಾರು 1.38, ಪಾಲಿಪ್ರೊಪಿಲೀನಿನದು ಸುಮಾರು 0.9. ಮರುಬಳಕೆ ಕಾರ್ಖಾನೆಗಳಲ್ಲೂ ಚೂರುಗಳನ್ನು ಹೀಗೇ ನೀರಿನಲ್ಲಿ ಬೇರೆ ಮಾಡುತ್ತಾರೆ. ಎಂಟನೆಯ ತರಗತಿಯ ಮಗು ಇದನ್ನು ಮಾಡಿ ನೋಡಿದರೆ, ಬೇರೆ ಬೇರೆ ಪ್ಲಾಸ್ಟಿಕ್ಕನ್ನು ಅಂಟು ಹಾಕಿ ಒಂದು ಮಾಡಬಾರದು ಏಕೆ ಎಂಬುದು ಅದಕ್ಕೇ ಹೊಳೆಯುತ್ತದೆ. ಆದ್ದರಿಂದ ನಮ್ಮ ಆಟಿಕೆಗೆ ದಾರ, ತಂತಿ, ತಿರುಪು ಇರಲಿ. ಅಂಟು, ಬಣ್ಣ, ಮಿಣಿಮಿಣಿ ಪುಡಿ ಬೇಡ. ಬಿಚ್ಚಲು ಬರುವ ಹಾಗೆ ಕಟ್ಟಬೇಕು.

ಮುರಿದ ಆಟಿಕೆಯನ್ನು ಬಿಚ್ಚಿ, ತೊಳೆದು, ಪಂಚಾಯಿತಿಯ ಸ್ವಚ್ಛ ವಾಹಿನಿ ಬಂದಾಗ ಒಣ ಕಸಕ್ಕೆ ಹಾಕಿ, ಇಲ್ಲವೇ ಗುಜರಿಗೆ ಕೊಡಿ. ಹಂಡೆ ಒಲೆಗೆ ಮಾತ್ರ ಹಾಕಬೇಡಿ. ಬೆಳಗ್ಗೆ ನೀರೊಲೆ ಹೊತ್ತಿಸಲು ಒಂದು ಪ್ಲಾಸ್ಟಿಕ್ ಕವರು, ಒಂದು ಬಾಟಲಿ ತುರುಕುವುದು ನಮ್ಮ ಊರಿನ ಅಭ್ಯಾಸವೇ ಆಗಿದೆ. ಪಿ.ವಿ.ಸಿ. ಥರದ ಕ್ಲೋರಿನ್ ಇರುವ ಪ್ಲಾಸ್ಟಿಕ್ ಹೀಗೆ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಆ ಹೊಗೆ ಕುಡಿಯುವವರು ಒಲೆ ಮುಂದೆ ಕುಳಿತ ಅಮ್ಮ, ಅವಳ ಬೆನ್ನಿಗೆ ಒರಗಿದ ಮಗು.

ನಮ್ಮ ಶಾಲೆಗೊಂದು ಕೋರಿಕೆ

ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ದೊಡ್ಡ ಪರದೆ, ಕಂಪ್ಯೂಟರು, ಬೆಂಚು ಕೊಡಿಸುವ ಮಾತಾಗುತ್ತಿದೆ. ಆಗಲಿ, ನನ್ನದೂ ಪಾಲು ಇದೆ. ಅದರ ಜೊತೆಗೆ ಒಂದು ಕಪಾಟು, ಒಂದು ಸಲಕರಣೆ ಪೆಟ್ಟಿಗೆ ಕೇಳುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಕತ್ತರಿ, ಇಕ್ಕಳ, ಚಿಕ್ಕ ಸುತ್ತಿಗೆ, ಕೈ ಡ್ರಿಲ್ಲು, ಅರ, ಸ್ಟೀಲಿನ ಸ್ಕೇಲು, ಜೊತೆಗೆ ಗಾಯಕ್ಕೆ ಪ್ರಥಮ ಚಿಕಿತ್ಸೆಯ ಡಬ್ಬಿ. ಕಪಾಟಿಗೆ ಮೂರು ಅಂಕಣ. ಮೊದಲನೆಯದು ಮನೆಯಿಂದ ತಂದ ಡಬ್ಬಿಗೆ. ಅದರಲ್ಲಿ ಏನಿತ್ತು ಎಂದು ತಂದ ಮಗು ಚೀಟಿ ಬರೆದು ಅಂಟಿಸಬೇಕು. ಚೀಟಿ ಇಲ್ಲದ ಡಬ್ಬಿ ಒಳಗೆ ಬರುವಂತಿಲ್ಲ. ಎರಡನೆಯದು ತಯಾರಾಗುತ್ತಿರುವ ಆಟಿಕೆಗೆ. ಮೂರನೆಯದು ಬಿಚ್ಚಿ ಗುಜರಿಗೆ ಹೋಗುವ ಸಾಮಾನಿಗೆ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಗಂಟೆ ಸಾಕು. ಸುತ್ತಿಗೆ ಹುಡುಗರಿಗೆ, ಹೊಲಿಗೆ ಹುಡುಗಿಯರಿಗೆ ಎಂಬ ಹಂಚಿಕೆ ಬೇಡ. ಎಲ್ಲರೂ ಎಲ್ಲವನ್ನೂ ಹಿಡಿಯಲಿ. ಊರಿನ ಬಡಗಿ, ಸೈಕಲ್ ಅಂಗಡಿಯಣ್ಣ, ಹೊಲಿಗೆ ಅಕ್ಕ ತಿಂಗಳಿಗೊಮ್ಮೆ ಬಂದು ಕೈ ಹಿಡಿದು ತೋರಿಸಲಿ. ಅವರಿಗೆ ಗೊತ್ತಿರುವುದು ನನ್ನ ಬಿ.ಇ. ಪುಸ್ತಕಗಳಲ್ಲಿ ಇರಲಿಲ್ಲ.

ಈ ಮಕ್ಕಳ ಮೊದಲ ಗಿರಾಕಿಗಳು ನಮ್ಮ ಅಂಗನವಾಡಿಯ ಮಕ್ಕಳಾಗಲಿ. ಬಹುಮಾನಕ್ಕೆ ಮಾಡಿದ್ದು ತೀರ್ಪುಗಾರರ ಮುಂದೆ ಒಂದು ಗಂಟೆ ನಿಂತರೆ ಸಾಕು. ಅಂಗನವಾಡಿಗೆ ಮಾಡಿದ್ದು ಇಪ್ಪತ್ತು ಮಕ್ಕಳ ಎಳೆದಾಟಕ್ಕೆ, ಕಚ್ಚುವುದಕ್ಕೆ, ಎಸೆಯುವುದಕ್ಕೆ ನಿಲ್ಲಬೇಕು. ಹತ್ತು ಸೆಂಟಿಮೀಟರಿನ ರಟ್ಟಿನ ಕೊಳವೆ ದಾಟಬೇಕು, ಎರಡು ಪಟ್ಟು ಭಾರ ಹೊರಬೇಕು, ಅಂಚು ಕೈಗೆ ತಾಗಬಾರದು. ಇನ್ನೊಬ್ಬರ ಮಗು ಬಳಸುವ ವಸ್ತುವನ್ನು ಎಚ್ಚರದಿಂದ ಮಾಡುವುದು ಇಂಜಿನಿಯರಿಂಗಿನ ಮೊದಲ ಪಾಠ. ಅದನ್ನು ಕಲಿಯಲು ಕಾಲೇಜಿನವರೆಗೆ ಕಾಯಬೇಕಿಲ್ಲ.

ಐವತ್ತು ವರ್ಷಗಳಲ್ಲಿ ಈ ಶಾಲೆ ನಮಗೆ ಓದು ಕೊಟ್ಟಿದೆ. ಮುಂದಿನ ಮಕ್ಕಳಿಗೆ ಓದಿನ ಜೊತೆ ಕೈಗೂ ಕೆಲಸ ಕೊಡೋಣ. ಮಕ್ಕಳೇ, ಸೋಮವಾರ ಬರುವಾಗ ಮನೆಯಿಂದ ಒಂದೊಂದು ಖಾಲಿ ಡಬ್ಬಿ ತನ್ನಿ, ಅದರಲ್ಲಿ ಏನಿತ್ತು ಎಂದು ಅಮ್ಮನನ್ನು ಕೇಳಿ ಚೀಟಿ ಬರೆದು ತನ್ನಿ. ಕಪಾಟು ಬರುವವರೆಗೆ ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿನ ಮೂಲೆಯಲ್ಲಿ ಜಾಗ ಕೊಡಲು ಒಪ್ಪಿದ್ದಾರೆ.